ಕೂಸಿನ ಲಿಂಗ ಯಾರ ಕೊರಳಿಗೆ

೧೨ ಜುಲೈ ೨೦೦೭

ರಕ್ತದ ಒತ್ತಡ ಏರಿದೆ, ಇನ್ನು ಕೂಗಾಡಬಾರದು ಅಂದರು ತಾಳವಾಡಿಯ ಡಾಕ್ಟರು. ಅರವತ್ತೇಳು ವರ್ಷ ಕೂಗಾಡಿಕೊಂಡೇ ಬದುಕಿದವನು ಈಗ ಪಿಸುಗುಟ್ಟಲೇ ಎಂದು ಅವರ ಮೇಲೂ ಕೂಗಿ ಬಂದೆ. ಮನೆಗೆ ಬಂದರೆ ನನ್ನ ಹೆಂಡತಿ ವಿಶಾಲಾಕ್ಷಮ್ಮ ಗೊಬ್ಬರದಂಗಡಿಯವರು ಕೊಟ್ಟ ಡೈರಿಯನ್ನು ಎದುರಿಗೆ ಇಟ್ಟಳು. ಬೈಯುವುದನ್ನೆಲ್ಲ ಇದರಲ್ಲಿ ಬರೀರಿ, ಇದಕ್ಕೆ ಕಿವಿ ಇಲ್ಲ ಅಂದಳು. ನಾನು ಓದಿದ್ದು ಐದನೇ ಕ್ಲಾಸು. ತಪ್ಪು ಇದ್ದರೆ ಇರಲಿ. ಇದನ್ನು ತಿದ್ದಲು ಯಾವ ಮೇಷ್ಟ್ರೂ ಬರುವುದಿಲ್ಲ.

ಇವತ್ತು ಬೈಯಬೇಕಾದವನು ನನ್ನ ತಮ್ಮ ಗುರುಸ್ವಾಮಿ. ಬೆಳಿಗ್ಗೆ ತನ್ನ ಎರಡನೇ ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಜಗುಲಿಯ ಮೇಲೆ ಇಳಿಸಿ, ಮಾರುವ ಕರುವನ್ನು ತೋರಿಸುವವನ ಹಾಗೆ ಆ ಕಡೆ ಈ ಕಡೆ ತಿರುಗಿಸಿದ. ನನ್ನ ಮಗ ಪ್ರಸಾದ್, ಸೊಸೆ ಲೋಕೇಶ್ವರಿ ಮದುವೆಯಾಗಿ ಹತ್ತು ವರ್ಷ ಆಯಿತು. ಎರಡು ವರ್ಷದ ಹಿಂದೆ ಗಂಡು ಕೂಸು ಹೊಟ್ಟೆಯಲ್ಲೇ ಹೋಗಿ, ಅವಳನ್ನು ಉಳಿಸಲು ಗರ್ಭಕೋಶ ತೆಗೆದರು. ಇನ್ನು ಈ ಮನೆಯಲ್ಲಿ ತೊಟ್ಟಿಲು ಕಟ್ಟುವುದಿಲ್ಲ ಎಂದು ಗುರುಸ್ವಾಮಿಯ ಲೆಕ್ಕಾಚಾರ.

"ದತ್ತು ತಗೊಳಣ್ಣ. ಇದೂ ನಮ್ಮಪ್ಪನ ರಕ್ತನೇ ಅಲ್ವಾ. ಒರಗ್ನೋರದ್ದೇನೂ ಅಲ್ವಲ್ಲ" ಅಂದ.

ನನ್ನ ಕೊಟ್ಟಿಗೆಯಲ್ಲೇ ಬೀಜ ಇರುವಾಗ ಪಕ್ಕದ ಕೊಟ್ಟಿಗೆಯ ಕರು ಯಾಕೆ ಅಂದೆ. ಕೊಯಮತ್ತೂರಿನ ಡಾಕ್ಟರು ಹೇಳಿದ ದಾರಿಯನ್ನು ಅವನಿಗೆ ಬಿಡಿಸಿ ಹೇಳಿದೆ. ಲೋಕೇಶ್ವರಿಯ ಅಂಡ, ಪ್ರಸಾದನ ಬೀಜ, ಎರಡನ್ನೂ ಹೊರಗೆ ಕೂಡಿಸಿ ಬೇರೊಬ್ಬ ಹೆಂಗಸಿನ ಹೊಟ್ಟೆಯಲ್ಲಿ ಬೆಳೆಸುವುದು. ಅವನು ಕಿವಿ ಮುಚ್ಚಿಕೊಂಡ. ಅಂಥ ಕೂಸು ಯಾವ ಜಾತಿ ಅಂದ. ಬೀಜ ಯಾರದೋ ಅವರ ಜಾತಿ, ಎದ್ದು ಹೋಗು ಅಂದೆ. ಮಗುವಿಗೆ ಮಾತ್ರ ಒಂದು ಬಾಳೆಹಣ್ಣು ಕೊಟ್ಟು ಕಳಿಸಿದೆ.

೨೦ ಜುಲೈ

ನೀವು ಬರುವುದು ಬೇಡ ಎಂದು ಪ್ರಸಾದ್ ಎಷ್ಟು ಹೇಳಿದರೂ ಬಿಡದೆ ಕೊಯಮತ್ತೂರಿಗೆ ನಾನೂ ಹೋದೆ. ದಿಂಬದ ಘಾಟಿಯ ತಿರುವುಗಳಲ್ಲಿ ಬಸ್ಸಿನ ಅರ್ಧ ಜನ ಕಿಟಕಿಗೆ ತಲೆ ಹಾಕಿಕೊಂಡಿದ್ದರು.

ಡಾಕ್ಟರಮ್ಮನನ್ನು ತಮಿಳಿನಲ್ಲೇ ಕೇಳಿದೆ. ಹೊರುವವಳ ರಕ್ತ ಕೂಸಿಗೆ ಸೇರುತ್ತದಾ? ಇಲ್ಲ ಅಂದರು. ಬಣ್ಣ, ಮುಖ, ಮೈಕಟ್ಟು ಎಲ್ಲ ಅಂಡದಿಂದ, ಬೀಜದಿಂದ ಬರುವುದು. ಹೊರುವವಳು ಜಾಗ ಕೊಡುತ್ತಾಳೆ, ಊಟ ಕೊಡುತ್ತಾಳೆ. ಇನ್ನೊಂದು ಸಲ ಕೇಳಿದೆ, ಇನ್ನೊಂದು ಸಲವೂ ಅದನ್ನೇ ಅಂದರು. ಪ್ರಸಾದ್ ಅಷ್ಟು ಹೊತ್ತೂ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದ. ನಾಚಿಕೆ ಇರಬೇಕು.

ಡಾಕ್ಟರಮ್ಮ ಹೇಳುವುದಕ್ಕೆ ಮುಂಚೆಯೇ ನನಗೆ ಇದು ಗೊತ್ತು. ನಲವತ್ತು ವರ್ಷ ಬೀಜದ ಹೋರಿ ಕಟ್ಟಿದವನು ನಾನು. ಪಣಕಹಳ್ಳಿ, ತಿಗನಾರೆಯಿಂದ ಹಸು ಹೊಡೆದುಕೊಂಡು ನಮ್ಮ ದೊಡ್ಡಗಾಜನೂರಿಗೆ ಬರುತ್ತಿದ್ದರು. ಕರುವಿನ ಹಣೆ ನೋಡಿ ಅಪ್ಪ ಯಾರು ಅಂತ ಹೇಳುತ್ತಿದ್ದೆ. ದನದ ಡಾಕ್ಟರು ಸೂಜಿಯಲ್ಲಿ ಬೀಜ ಹಾಕಲು ಬಂದ ಮೇಲೆ ನನ್ನ ಹೋರಿಗೆ ಕೆಲಸ ಕಮ್ಮಿ. ಆದರೂ ನನ್ನ ಈ ಹೋರಿ ಕೆಂದ ಇವತ್ತಿಗೂ ಕೊಟ್ಟಿಗೆಯಲ್ಲಿ ನಿಂತರೆ ನೋಡಬೇಕು.

ಬಸ್ಸು ಇಳಿದವನೇ ಚಾ ಅಂಗಡಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಬೀಜ ನಮ್ಮದು. ಡಾಕ್ಟರೇ ಹೇಳಿದ್ದಾರೆ.

೩ ಆಗಸ್ಟ್

ಹೊರುವುದಕ್ಕೆ ಹೆಂಗಸು ಸಿಕ್ಕಳು. ನಮ್ಮ ಅರಿಶಿನದ ಹೊಲಕ್ಕೆ ಕಳೆ ತೆಗೆಯಲು ಬರುವ ಸೋಲಿಗರವಳು, ಕಾಡಿನ ಅಂಚಿನ ಅವರ ಹಾಡಿ, ಮೇಲಿನ ಪೋಡಿನವಳು. ಹೆಸರು ಮಂಗಳ. ಗಂಡ ಜಡೇಸ್ವಾಮಿ ಅರಣ್ಯ ಇಲಾಖೆಯಲ್ಲಿ ಬೆಂಕಿ ಕಾವಲು ಕಾಯುತ್ತಾನೆ. ಇಬ್ಬರು ಮಕ್ಕಳನ್ನು ಹೆತ್ತಿದ್ದಾಳೆ, ಆರೋಗ್ಯ ಗಟ್ಟಿ. ಅವರಿಗೆ ಗಟ್ಟಿ ಚಾವಣಿಯ ಮನೆ ಕಟ್ಟಿಸಿಕೊಡುವ ಮಾತಾಗಿದೆ. ಕೇಳಲು ಹೋದವಳು ಲೋಕೇಶ್ವರಿಯೇ. ಏನು ಮಾತಾಡಿಕೊಂಡರೋ, ಇಬ್ಬರೂ ಕಣ್ಣು ಒರೆಸಿಕೊಂಡು ಬಂದರು.

ಆನೆ ಓಡಾಡುವ ದಾರಿಯಲ್ಲಿ ನನ್ನ ಮೊಮ್ಮಗನನ್ನು ಹೊತ್ತುಕೊಂಡು ತಿರುಗುವುದು ಬೇಡ, ನಮ್ಮ ಮನೆಯ ಹಿಂದಿನ ಹಿಂಡಿ ಕೋಣೆಯಲ್ಲಿ ಇರಲಿ ಅಂದೆ. ಸುಣ್ಣ ಹೊಡೆಸಿದೆ. ಲೋಟ ಬೇರೆ, ತಟ್ಟೆ ಬೇರೆ. ಲೋಟವನ್ನು ಕೊಟ್ಟಿಗೆ ಗೋಡೆಯ ಗೂಡಿನಲ್ಲಿ ಇಡಬೇಕು. ಅದರಲ್ಲಿ ಎರಡು ಮಾತಿಲ್ಲ.

೩೦ ಆಗಸ್ಟ್

ಬಸುರು ನಿಂತಿತಂತೆ. ಲೋಕೇಶ್ವರಿ ಫೋನ್ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಕೆಂದನಿಗೆ ಬೆಲ್ಲ ತಿನ್ನಿಸಿದೆ. ಊರಲ್ಲಿ ಮೂರು ಸುತ್ತು ಹಾಕಿದೆ. ಗುರುಸ್ವಾಮಿಯ ಮನೆ ಮುಂದೆ ಬೇಕಂತಲೇ ನಿಧಾನವಾಗಿ ನಡೆದೆ.

೧೮ ಸೆಪ್ಟೆಂಬರ್

ಆ ಹೆಂಗಸಿಗೆ ಒಣಮೀನು ಬೇಕಂತೆ!

ಲಿಂಗವಂತರ ಕೂಸನ್ನು ಹೊತ್ತಿದ್ದೀಯ, ಹೆರುವವರೆಗೆ ಮೀನು ಮಾಂಸ ಮುಟ್ಟಬಾರದು ಅಂದೆ. ಬಗ್ಗಿ ಕಸ ಗುಡಿಸುತ್ತಿದ್ದವಳು ನೆಟ್ಟಗೆ ನಿಂತಳು.

"ಕೂಸು ನಿಮ್ದೇ ಬುದ್ದಿ. ಒಟ್ಟೆ ನಂದು. ಅದ್ಕೆ ಏನ್ ಬೇಕು ಅಂತ ನಂಗೆ ಗೊತ್ತು."

ನನಗೆ ಎದುರು ಮಾತು! ಕೂಗಿದೆ. ಅವಳು ಪೊರಕೆ ಗೋಡೆಗೆ ಒರಗಿಸಿಟ್ಟು, ಸೀರೆ ಮಡಿಚಿ ಚೀಲಕ್ಕೆ ಹಾಕಿಕೊಂಡು ಪೋಡಿಗೆ ಹೊರಟೇ ಹೋದಳು. ಲೋಕೇಶ್ವರಿ ಊಟ ಬಿಟ್ಟಿದ್ದಾಳೆ. ವಿಶಾಲಾಕ್ಷಮ್ಮ ನನ್ನ ಮುಖ ನೋಡುತ್ತಿಲ್ಲ. ಇರಲಿ. ನಾನು ಹೇಳಿದ್ದರಲ್ಲಿ ತಪ್ಪೇನಿದೆ?

೨೦ ಸೆಪ್ಟೆಂಬರ್

ಪೋಡಿಗೆ ನಾನೇ ಹೋಗಬೇಕಾಯಿತು. ಏರು ಹತ್ತಿ ಮಂಡಿ ಹಿಡಿದಿದೆ.

ಅವಳು ರಾಗಿ ಬೀಸುತ್ತಿದ್ದಳು. ಅವಳ ಕಡೆಯ ಹಿರಿಯರು ಒಂದಿಬ್ಬರು ಕೂತಿದ್ದರು. ಅವರಿಗೂ ಇದೇ ತಕರಾರಂತೆ. ಇವಳ ಹೊಟ್ಟೆಯಲ್ಲಿರುವುದು ಯಾವ ಕುಲ, ನಾಳೆ ನಮ್ಮ ಕುಲಕ್ಕೆ ಕೆಟ್ಟ ಹೆಸರು ಬಂದರೆ ಯಾರು ಹೊಣೆ ಎಂದು ನನ್ನನ್ನೇ ಕೇಳಿದರು. ಕುಲ ನಮ್ಮದು, ಬೀಜ ನಮ್ಮದು, ನಿಮಗೆ ಏನೂ ಅಂಟುವುದಿಲ್ಲ ಅಂದೆ. ನಮ್ಮಂಥವರಿಗೂ ಇವರ ಕುಲದಲ್ಲಿ ಜಾಗ ಇಲ್ಲವೆಂದು ಇವತ್ತು ಗೊತ್ತಾಯಿತು. ಏನು ಕೊಬ್ಬು.

ಕೊನೆಗೆ ಹೀಗೆ ಒಪ್ಪಂದ. ವಾರಕ್ಕೊಮ್ಮೆ ಜಡೇಸ್ವಾಮಿ ಮನೆಯಿಂದ ಬೇಯಿಸಿ ತರಬೇಕು. ಕೊಟ್ಟಿಗೆಯ ಆಚೆ, ಹುಣಸೆ ಮರದ ಕೆಳಗೆ ಕೂತು ತಿನ್ನಬೇಕು. ವಾಸನೆ ನನ್ನ ಜಗುಲಿಗೆ ಬರಬಾರದು.

೧೧ ನವೆಂಬರ್

ಪಣಕಹಳ್ಳಿಯ ಸಿದ್ದಯ್ಯನ ಮನೆಗೆ ಹೋಗಿದ್ದೆ. ಅವನ ಹತ್ತಿರ ಒಂದು ಎತ್ತಿದೆ. ಎಂಟು ವರ್ಷದಿಂದ ಆ ದಾರಿಯಲ್ಲಿ ಹೋದಾಗಲೆಲ್ಲ ಅದಕ್ಕೆ ಬೆಲ್ಲ ಕೊಟ್ಟು ಬರುತ್ತೇನೆ. ಕೆಂದನ ಮಗ ಅದು. ಹಣೆ ನೋಡಿ, ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ನೋಡಿ, ಬೀಜ ಅಂದರೆ ಇದು ಎಂದು ಸುತ್ತ ಇದ್ದವರಿಗೆಲ್ಲ ತೋರಿಸುತ್ತೇನೆ. ಇವತ್ತೂ ತೋರಿಸಿದೆ. ಸಿದ್ದಯ್ಯ ಎಲೆ ಅಡಿಕೆ ಅಗಿಯುತ್ತ ನಕ್ಕ.

"ಒಂದ್ ಮಾತ ಏಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಅವತ್ತು ನಿಮ್ಮ ಕೆಂದನತ್ರ ಬುಟ್ಟಾಗ ಹಸ ನಿಲ್ನಿಲ್ಲ. ಆಮೇಕೆ ಬೇಲಿ ಆರ್ಕಂಡು ಓಗಿ ಯಾವ್ದೋ ಬೀದಿ ಓರಿ ಜೊತೆ ಸೇರ್ಕತ್ತು. ನೀವು ಅಷ್ಟೊಂದು ಖುಷಿ ಪಡ್ತಿದ್ರಿ, ಏಳಕ್ಕೆ ಬಾಯೇ ಬರ್ನಿಲ್ಲ."

ಎಂಟು ವರ್ಷ! ಬೀದಿ ಹೋರಿಯ ಮಗನಿಗೆ ನನ್ನ ಬೆಲ್ಲ! ಬೆಲ್ಲದ ಅಚ್ಚನ್ನು ಜೇಬಿಗೆ ಹಾಕಿಕೊಂಡು ಬಂದುಬಿಟ್ಟೆ. ಎತ್ತು ಕತ್ತು ಚಾಚಿಕೊಂಡೇ ಇತ್ತು.

ಅಂದಹಾಗೆ, ಮಂಗಳನ ಗೂಡಿನ ಲೋಟ ಸಣ್ಣದು. ಅದರಲ್ಲಿ ಹಾಲು ಎಷ್ಟು ಹಿಡಿಸೀತು? ನನ್ನ ದೊಡ್ಡ ಲೋಟದಲ್ಲಿ ಕೊಡಲು ಹೇಳಿದೆ. ಕುಡಿಯುವುದು ಅವಳಲ್ಲ, ನನ್ನ ಮೊಮ್ಮಗ.

೨೩ ಜನವರಿ ೨೦೦೮

ಕೂಸು ಒದೆಯುತ್ತಿದೆಯಂತೆ. ಲೋಕೇಶ್ವರಿ ಮಂಗಳನ ಹೊಟ್ಟೆಗೆ ಕಿವಿ ಇಟ್ಟು ಅರ್ಧ ಹಗಲು ಕೂತಿರುತ್ತಾಳೆ. ಇಬ್ಬರೂ ಏನೋ ನಗುತ್ತಾರೆ. ಒಲೆಯ ಮೇಲೆ ಸಾರು ಸೀಯುತ್ತದೆ.

ಜಡೇಸ್ವಾಮಿ ತರುವ ಊಟ ತಣ್ಣಗಾಗಿರುತ್ತದೆ, ಬಸುರಿ ತಣ್ಣಗಿನದು ತಿನ್ನಬಾರದು. ಇನ್ನು ಮೇಲೆ ಬೇಗ ಬಾ ಎಂದು ಗದರಿಸಿದೆ. ಹುಣಸೆ ಮರದ ಕೆಳಗೆ ಬಿಸಿಲು ಜಾಸ್ತಿ, ಕೊಟ್ಟಿಗೆಯ ನೆರಳಲ್ಲೇ ಕೂತುಕೊಳ್ಳಲಿ. ವಾಸನೆ ಬಂದರೆ ನಾನೇ ಆಚೆ ಹೋಗುತ್ತೇನೆ.

೩ ಮಾರ್ಚ್

ಮುಂದಿನ ವಾರಕ್ಕೆ ಎಂಟು ತಿಂಗಳು ತುಂಬುತ್ತಾ ಬರುತ್ತದೆ. ಲಿಂಗ ಕಟ್ಟಿಸಬೇಕು. ನಮ್ಮಲ್ಲಿ ಕೂಸು ಹುಟ್ಟುವವರೆಗೆ ಕಾಯುವುದಿಲ್ಲ. ಹೊಟ್ಟೆಯೊಳಗಿರುವಾಗಲೇ ಅಯ್ಯನೋರು ಬಂದು ಅದರ ಹೆಸರಿನಲ್ಲಿ ಒಂದು ಪುಟ್ಟ ಲಿಂಗವನ್ನು ತಾಯಿಯ ಕೊರಳಿಗೆ ಕಟ್ಟುತ್ತಾರೆ. ಹೆರಿಗೆಯಾದ ಮೇಲೆ ಅದು ಕೂಸಿನದು. ಸಾಯುವವರೆಗೆ ಅದರ ಜೊತೆಗೇ ಇರುತ್ತದೆ, ಮಣ್ಣಿಗೆ ಹೋಗುವಾಗಲೂ. ಅಯ್ಯನೋರು ಮಲ್ಲಯ್ಯನವರಿಗೆ ಹೇಳಿ ಬಾ ಎಂದು ಪ್ರಸಾದನಿಗೆ ಹೇಳಿದೆ. ನಮ್ಮ ವಂಶದ ಕುಡಿ, ನಮ್ಮ ಬೀಜ ಎಂದು ಸರಿಯಾಗಿ ಹೇಳು ಅಂದೆ.

ಅವನು ಹೋಗಲಿಲ್ಲ. ಕೊಟ್ಟಿಗೆಗೆ ಬಂದ. ನಾನು ಕೆಂದನ ಮೈ ತೊಳೆಯುತ್ತಿದ್ದೆ.

"ಅಪ್ಪಾಜಿ, ಲಿಂಗದ ಮುಂದೆ ಸುಳ್ಳು ಬ್ಯಾಡ. ಅಂಡ ಲೋಕೇಶ್ವರೀದೇ. ಬೀಜ ನಂದಲ್ಲ. ನಂದ್ರಲ್ಲಿ ಏನೂ ಇಲ್ಲ ಅಂದ್ರು ಡಾಕ್ಟ್ರು. ಬೇರೆಯೋರದ್ದ ಆಸ್ಪತ್ರೇಲಿ ಇಟ್ಟಿರ್ತಾರೆ, ಅದ್ನೇ ಆಕ್ಸುದ್ದು. ಮೊದಲ್ನೇ ಕೂಸ್ಗೂ ಅಂಗೇ."

ಯಾರದು ಅಂದೆ. ಗೊತ್ತಿಲ್ಲ, ಹೇಳುವುದೂ ಇಲ್ಲ ಅಂದ. ಯಾಕೆ ಮುಚ್ಚಿಟ್ಟೆ ಅಂದೆ.

"ನೀವು ಬೀಜ ಬೀಜ ಅಂತಿದ್ರಿ" ಅಂದ.

ಕೆಂದನ ಮೈಯನ್ನು ಅರ್ಧಕ್ಕೇ ಬಿಟ್ಟು ಕೊಟ್ಟಿಗೆಯಿಂದ ಹೊರಗೆ ಬಂದೆ.

೪ ಮಾರ್ಚ್

ಬೈಯಲು ಏನೂ ತೋಚುತ್ತಿಲ್ಲ.

೭ ಮಾರ್ಚ್

ಮೂರು ದಿನದಿಂದ ಜಗುಲಿಯಲ್ಲಿ ಒಬ್ಬನೇ ಉಣ್ಣುತ್ತಿದ್ದೇನೆ. ವಿಶಾಲಾಕ್ಷಮ್ಮನಿಗೆ ಮೊದಲಿಂದಲೂ ಗೊತ್ತಿತ್ತಂತೆ. ಮಂಗಳನಿಗೂ ಗೊತ್ತಂತೆ, ಲೋಕೇಶ್ವರಿ ಮೊದಲ ದಿನವೇ ಹೇಳಿದ್ದಳಂತೆ. ಗೊತ್ತಿಲ್ಲದವನು ನಾನೊಬ್ಬ, ಊರೆಲ್ಲ ಡಂಗುರ ಸಾರಿದವನು.

ಸುದ್ದಿಯ ವಾಸನೆ ಹಿಡಿದವನ ಹಾಗೆ ಗುರುಸ್ವಾಮಿ ಮತ್ತೆ ಬಂದ. ಅವನ ಮೊಮ್ಮಗ ಈಗ ಓಡಾಡುತ್ತಾನೆ. ನಮ್ಮ ಅಪ್ಪನ ಹಾಗೇ ಕಾಲು ಸೊಟ್ಟ ಹಾಕಿ ನಡೆಯುತ್ತಾನೆ. ರಕ್ತ ಅಂದರೆ ಅಲ್ಲಿದೆ. ಯೋಚನೆ ಮಾಡು ಅಣ್ಣ, ಈಗಲೂ ಸಮಯ ಇದೆ ಅಂದ. ಯೋಚಿಸುತ್ತೇನೆ ಅಂದೆ. ಅವನಿಗೆ ಆಶ್ಚರ್ಯವಾಯಿತು. ನನಗೂ.

ಸಂಜೆ ಹೊಲದ ಮೂಲೆಗೆ ಹೋದೆ. ಮೊದಲ ಕೂಸನ್ನು ಮಣ್ಣು ಮಾಡಿದ ಜಾಗ. ಹಂದಿಗಳು ಗೆಡ್ಡೆ ಹುಡುಕಿಕೊಂಡು ಬಂದು ಅಲ್ಲೆಲ್ಲ ಕೆದಕಿ ಹಾಕಿವೆ, ಕಲ್ಲು ಉರುಳಿದೆ. ಅವತ್ತು ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟಿದ್ದರು. ಲೋಕೇಶ್ವರಿಯ ಕೊರಳಲ್ಲಿದ್ದ ಅದರ ಲಿಂಗವನ್ನು ಬಿಚ್ಚಿ ಅದರ ಕೈಯಲ್ಲಿ ಇಟ್ಟವನು ನಾನು. ಬೆರಳು ಬಿಡಿಸಿ ಇಟ್ಟು ಮತ್ತೆ ಮಡಿಚಿದೆ. ಮೂರು ಹಿಡಿ ಮಣ್ಣು ಹಾಕಿದವನೂ ನಾನು. ಈಗ ಬಂದು ಅದು ನಿನ್ನದಲ್ಲ ಅಂದರೆ? ಮಣ್ಣು ತೆಗೆದು ಅದನ್ನು ಕೇಳಲೇ? ವಾಪಸ್ಸು ಯಾರಿಗೆ ಕೊಡಲಿ?

ಕಲ್ಲು ಎತ್ತಿ ನಿಲ್ಲಿಸಿದೆ. ಮುಳ್ಳು ಕಡಿದು ಸುತ್ತ ಒತ್ತಾಗಿ ಬೇಲಿ ಕಟ್ಟಿದೆ. ಕೈಯೆಲ್ಲ ರಕ್ತ.

ನನ್ನ ಮೊಮ್ಮಗ ಮಲಗಿರುವ ಜಾಗ ಅದು. ಹಂದಿಯೂ ಬರಬಾರದು, ಡಾಕ್ಟರೂ ಬರಬಾರದು.

೯ ಮಾರ್ಚ್

ಪಣಕಹಳ್ಳಿ ಕಡೆ ಕೆಲಸವಿತ್ತು. ಸಿದ್ದಯ್ಯ ಮನೆಯಲ್ಲಿ ಇರಲಿಲ್ಲ. ಎತ್ತು ಕತ್ತು ಚಾಚಿತು. ಬೆಲ್ಲ ಕೊಟ್ಟೆ. ಅದಕ್ಕೇನು ಗೊತ್ತು ಪಾಪ.

ಬರುವ ದಾರಿಯಲ್ಲೇ ಗುರುಸ್ವಾಮಿಯ ಮನೆ. ಯೋಚನೆ ಆಯಿತು, ನಿನ್ನ ಮೊಮ್ಮಗ ನಿನ್ನ ಹತ್ತಿರವೇ ಇರಲಿ, ನನ್ನದು ಬರುತ್ತಿದೆ ಅಂದೆ. ಹಬ್ಬಕ್ಕೆ ಮಗುವನ್ನು ಕಳಿಸು ಅಂದೆ. ಮುಖ ಊದಿಸಿಕೊಂಡ.

೧೨ ಮಾರ್ಚ್

ಬರುವ ಸೋಮವಾರ ಲಿಂಗಧಾರಣೆ. ಪ್ರಸಾದನಿಗೆ ನಾನು ಹೇಳಿದ್ದು ಇಷ್ಟೇ: ಅಯ್ಯನೋರ ಹತ್ತಿರ ಬೀಜದ ವಿಷಯ ಎತ್ತಬೇಡ, ಕೇಳಿದರೆ ನನ್ನ ಹತ್ತಿರ ಕಳಿಸು. ಅವನು ಏನೋ ಹೇಳಲು ಬಂದ. ಕೊಟ್ಟಿಗೆಯಲ್ಲಿ ಸಗಣಿ ಹಾಗೇ ಬಿದ್ದಿದೆ, ಮೊದಲು ಅದನ್ನು ಎತ್ತು ಅಂದೆ. ಅಳುತ್ತ ಎತ್ತಿದ. ನಲವತ್ತರ ಹತ್ತಿರದ ಗಂಡಸು.

ಕಟ್ಟುವುದು ಯಾರಿಗೆ ಎನ್ನುವುದೇ ತೊಡಕು. ಲೋಕೇಶ್ವರಿಯನ್ನು ಕೇಳಿದೆ. ತಾಯಿ ಅವಳೇ, ಅವಳಿಗೇ ಕಟ್ಟಿದರೆ ಸರಿ. ಅವಳು ಕೊರಳಿಗೆ ಕೈ ಹಾಕಿಕೊಂಡು ಹಿಂದೆ ಸರಿದಳು.

"ಬ್ಯಾಡ ಮಾವ. ಒಂದ್ ಸಲ ಕಟ್ಕಂಡೆ. ಮಣ್ಣಿಗೆ ಓಯ್ತು. ನನ್ನ ಕೊರಳು ಬ್ಯಾಡ."

ನಾನು ಒತ್ತಾಯ ಮಾಡಲಿಲ್ಲ.

ಹಿಂಡಿ ಕೋಣೆಯ ಬಾಗಿಲಿಗೆ ಹೋದೆ. ಮಂಗಳ ಕಾಲು ಚಾಚಿ ಕೂತು ಹುಣಸೆ ಬೀಜ ಬಿಡಿಸುತ್ತಿದ್ದಳು. ಏಳಲು ಹೋದಳು, ಬೇಡ ಅಂದೆ. ಹೊಸ್ತಿಲ ಮೇಲೆ ಕೂತೆ. ನೀನು ಕಟ್ಟಿಕೊಳ್ಳುತ್ತೀಯಾ, ನಿನಗೆ ಇಷ್ಟ ಇದ್ದರೆ ಮಾತ್ರ, ಅಯ್ಯನೋರನ್ನು ನಾನು ನೋಡಿಕೊಳ್ಳುತ್ತೇನೆ ಅಂದೆ.

"ನಂಗ್ ಬ್ಯಾಡ ಅಪ್ಪೋ. ನಂಗೆ ನಮ್ಮ ದೇವ್ರು ಅದೆ, ಅದು ಮುನಿಸ್ಕತ್ತದೆ. ಕೂಸ ನಾನು ಒತ್ಕಂಡಿವ್ನಿ. ದೇವ್ರ ನೀವು ಒತ್ಕಳಿ."

ತಮಾಷೆಗೆ ಅಂದಳೋ ನಿಜಕ್ಕೂ ಅಂದಳೋ ತಿಳಿಯಲಿಲ್ಲ. ಹುಣಸೆ ಬೀಜ ಬಿಡಿಸುವುದನ್ನು ಮುಂದುವರಿಸಿದಳು. ನಾನೂ ಒಂದಿಷ್ಟು ಬಿಡಿಸಿದೆ.

೧೭ ಮಾರ್ಚ್, ಸೋಮವಾರ

ಎಲ್ಲ ಬರೆಯಬೇಕು. ಒತ್ತಡ ಏರಿರಬೇಕು, ಏರಲಿ.

ಮಲ್ಲಯ್ಯನವರು ಬೆಳಿಗ್ಗೆ ಬಂದರು. ಗುರುಸ್ವಾಮಿ ಯಾರೂ ಕರೆಯದೆ ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ಬಂದು ಜಗುಲಿ ತುಂಬಿದ. ತಟ್ಟೆಯಲ್ಲಿ ವಿಭೂತಿ, ಬಿಲ್ವಪತ್ರೆ, ಬಿಳಿ ವಸ್ತ್ರದಲ್ಲಿ ಸುತ್ತಿದ ಪುಟ್ಟ ಲಿಂಗ. ಮಲ್ಲಯ್ಯನವರು ಎಲ್ಲ ಸಿದ್ಧ ಮಾಡಿಕೊಂಡು ತಲೆ ಎತ್ತಿದರು.

"ಲಿಂಗ ಕಟ್ಟೋದು ಒತ್ತ ತಾಯಿ ಕೊರಳ್ಗೆ. ಒತ್ಕಂಡಿರೋಳು ನಮ್ಮೋಳಲ್ಲ. ನಮ್ಮೋಳು ಒತ್ಕಂಡಿಲ್ಲ. ನಾನು ಯಾರ್ಗೆ ಕಟ್ಲಿ, ನೀವೇ ಏಳಿ ಶಿವಶಂಕರಪ್ಪನೋರೆ."

"ನನಗೆ ಕಟ್ಟಿ ಬುದ್ದಿ" ಅಂದೆ.

ಮಲ್ಲಯ್ಯನವರು ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಗುರುಸ್ವಾಮಿ ನಕ್ಕ.

"ನಿಂಗೂ ಎಂಟು ತಿಂಗ್ಳಾ ಅಣ್ಣ?"

"ಊಂ ಕಣ್ಲಾ, ಎಂಟು ತಿಂಗ್ಳು. ಏನೀಗ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಗು ನಿಲ್ಲುವವರೆಗೆ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಇಂಥದ್ದು ಎಲ್ಲೂ ನಡೆದಿಲ್ಲ ಎಂದರು ಮಲ್ಲಯ್ಯನವರು. ಇಂಥ ಬಸುರೂ ಎಲ್ಲೂ ನಡೆದಿಲ್ಲ ಅಂದೆ. ಕೂಸಿಗೆ ಲಿಂಗ ಬೇಕು, ಹುಟ್ಟುವವರೆಗೆ ಅದನ್ನು ಹೊರಲು ಒಂದು ಮೈ ಬೇಕು, ನನ್ನ ಮೈ ಇದೆ. ತಾತ ಹೊರಬಾರದು ಎಂದು ಯಾವ ಶರಣರು ಹೇಳಿದ್ದಾರೆ, ತೋರಿಸಿ ಅಂದೆ. ಅವರು ತೋರಿಸಲಿಲ್ಲ. ಕಟ್ಟಲೂ ಇಲ್ಲ.

ಆಗ ಗುರುಸ್ವಾಮಿ ಕೊನೆಯ ಬಾಣ ಬಿಟ್ಟ.

"ಬೀಜ ನಮ್ದು ಬೀಜ ನಮ್ದು ಅಂತ ಊರ್ಗೆಲ್ಲ ಸಾರ್ದೆ. ಆಸ್ಪತ್ರೆಯೋರು ಯಾರ ಬೀಜ ಇಟ್ರು ಅಂತ ನೀನೇನು ಕಣ್ಣಲ್ಲಿ ಕಂಡ್ಯಾ?"

ಪ್ರಸಾದ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಅವನ ಕಿವಿ ಕೆಂಪಾಯಿತು. ಬಾಯಿ ತೆರೆದ. ಇವನು ಹೇಳಿಬಿಡುತ್ತಾನೆ ಅನ್ನಿಸಿತು. ನಾನು ಎದ್ದು ಅವನಿಗೂ ಜಗುಲಿಗೂ ನಡುವೆ ನಿಂತೆ.

"ಬೀಜದ ಮಾತ ನನ್ನ ಜಗುಲಿ ಮೇಲೆ ಆಡ್ಬ್ಯಾಡ ಕಣ್ಲಾ ಗುರುಸ್ವಾಮಿ. ಕೂಸು ನಮ್ದು. ಇದ್ರ ಮೇಲೆ ಲೆಕ್ಕ ಬೇಕಾದೋನು ಈಗ್ಲೇ ಎದ್ದು ಓಗ್ಲಿ. ಆಮೇಕೆ ಈ ಬಾಗ್ಲು ತೆಗಿಯಕಿಲ್ಲ."

ಯಾರೂ ಏಳಲಿಲ್ಲ. ಮಲ್ಲಯ್ಯನವರ ಮುಂದಿನ ತಟ್ಟೆಯಿಂದ ಲಿಂಗ ಎತ್ತಿಕೊಳ್ಳಲು ಕೈ ಚಾಚಿದೆ. ಎಡಗೈ ಚಾಚಿದ್ದೆ, ಸಿಟ್ಟಿನಲ್ಲಿ ನೋಡಿರಲಿಲ್ಲ.

"ಬಲಗೈಲಿ ತ್ಯಕ್ಕಳಿ" ಅಂದರು ಮಲ್ಲಯ್ಯನವರು.

ಬಲಗೈಯಲ್ಲಿ ತೆಗೆದುಕೊಂಡೆ. ಕೊರಳ ಹಿಂದೆ ಗಂಟು ಹಾಕಲು ಬೆರಳು ಒಪ್ಪಲಿಲ್ಲ. ಲೋಕೇಶ್ವರಿ ಬಂದು ಹಿಂದೆ ನಿಂತು ಗಂಟು ಹಾಕಿದಳು. ಅವಳ ಬೆರಳು ತಣ್ಣಗಿದ್ದವು. ಮಂತ್ರವನ್ನು ನಾನೇ ಹೇಳಿಕೊಳ್ಳೋಣ ಎಂದು ಶುರು ಮಾಡಿದೆ. ನಡುವೆ ನೋಡಿದರೆ ಮಲ್ಲಯ್ಯನವರ ತುಟಿಯೂ ಅಲುಗುತ್ತಿತ್ತು.

ಹಿತ್ತಲಲ್ಲಿ ಮಂಗಳ ಗೋಡೆಯ ಮೇಲಿಂದ ಇಣುಕಿ ಎಲ್ಲ ನೋಡಿದಳಂತೆ. ಹಬ್ಬದೂಟಕ್ಕೆ ಅವಳಿಗೂ ಜಡೇಸ್ವಾಮಿಗೂ ಒಳಗೆ ಎಲೆ ಹಾಕಿಸಿದೆ. ಗುರುಸ್ವಾಮಿಯೂ ಉಂಡೇ ಹೋದ, ಒಬ್ಬಟ್ಟು ಎರಡು ಸಲ ಹಾಕಿಸಿಕೊಂಡ.

ಈ ಊರಿನವರಿಗೆ ಬೀಜ ಬೀಜ ಅನ್ನುವ ಹುಚ್ಚು ಯಾರು ಹಿಡಿಸಿದರೋ. ಬೆಳಗಾದರೆ ಅದೇ ಮಾತು. ಅಸಹ್ಯ.

೮ ಏಪ್ರಿಲ್

ಎರಡು ಲಿಂಗ ಕಟ್ಟಿಕೊಂಡರೆ ಮಗ್ಗುಲಾಗಿ ಮಲಗುವುದು ಕಷ್ಟ. ಒಂದು ಎದೆಗೆ ಒತ್ತುತ್ತದೆ. ಭಾರ ಎತ್ತುವಾಗ, ಬಗ್ಗುವಾಗ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಕೆಂದ ತಲೆ ಒದರಿದರೆ ಹಿಂದೆ ಸರಿಯುತ್ತೇನೆ. ಬೆಳಿಗ್ಗೆ ನನ್ನದಕ್ಕೆ ಪೂಜೆ, ಆಮೇಲೆ ಸಣ್ಣದಕ್ಕೆ. ಕೂಗಾಡಿದರೆ ಸಣ್ಣದು ಕುಣಿಯುತ್ತದೆ. ಅದಕ್ಕೇ ಸ್ವಲ್ಪ ಕಮ್ಮಿ ಮಾಡಿದ್ದೇನೆ.

ಮಂಗಳನಿಗೂ ಮಗ್ಗುಲಾಗಲು ಆಗುವುದಿಲ್ಲವಂತೆ. ಎಡಕ್ಕೆ ಮಲಗಿ, ಒಂದು ಹಳೆ ಪಂಚೆ ಮಡಿಚಿ ಒತ್ತು ಕೊಟ್ಟುಕೊಳ್ಳಿ ಎಂದು ನನಗೇ ಬುದ್ಧಿ ಹೇಳಿದಳು. ಹಾಗೇ ಮಾಡಿದೆ, ಪರವಾಗಿಲ್ಲ.

ನನ್ನ ಲೋಟ ಎಲ್ಲಿ ಎಂದು ಕೂಗಿದೆ. ಮಂಗಳ ಕಾಫಿ ಕುಡಿಯುತ್ತಿದ್ದಾಳೆ ಅಂದಳು ವಿಶಾಲಾಕ್ಷಮ್ಮ. ಸರಿ, ಬೇರೆ ಯಾವುದರಲ್ಲಾದರೂ ಕೊಡು ಅಂದೆ.

೨ ಮೇ

ಹೆಣ್ಣು ಮಗು.

ಕೊಯಮತ್ತೂರಿಗೆ ಮುಂಚೆಯೇ ಹೋಗಿದ್ದೆವು. ನಿನ್ನೆಯಿಂದ ನೋವು. ನಾನು ಹೊರಗಿನ ಬೆಂಚಿನಲ್ಲಿ ಎದೆ ಹಿಡಿದುಕೊಂಡು ಕೂತಿದ್ದೆ. ಆಯಾ ಬಂದು ಎದೆನೋವಾ ಅಂದಳು. ಅಲ್ಲ ಅಂದೆ. ಮಧ್ಯಾಹ್ನ ಒಳಗಿಂದ ಒಂದು ಕೂಗು ಬಂತು, ಇಡೀ ಮಹಡಿ ತಿರುಗಿ ನೋಡುವಂಥದ್ದು.

ಮೊದಲು ಲೋಕೇಶ್ವರಿಯ ಕೈಗೆ ಕೊಟ್ಟರು. ಅವಳು ಸತ್ತ ಕೂಸಿನ ಹೆಸರನ್ನೂ ಹೇಳಿ ಅತ್ತಳು, ಇದನ್ನೂ ನೋಡಿ ಅತ್ತಳು. ಪ್ರಸಾದ್ ಹತ್ತಿರ ಬರಲು ಹಿಂಜರಿದು ಕಂಬದ ಹಾಗೆ ನಿಂತಿದ್ದ. ಎತ್ಕೊಳ್ಳೋ ನಿನ್ನ ಮಗಳನ್ನ ಎಂದು ಗದರಿಸಿದೆ. ಎತ್ತಿಕೊಂಡ. ಹಿಡಿಯಲು ಬರುವುದಿಲ್ಲ ಅವನಿಗೆ, ತಲೆಗೆ ಕೈ ಕೊಡಬೇಕು ಎಂದು ತೋರಿಸಿದೆ.

ಮಂಗಳ ಒಳಗೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಸಂಭ್ರಮದಲ್ಲಿ ಎಲ್ಲರೂ ಅವಳನ್ನು ಮರೆತಿದ್ದರು. ಏನಾದರೂ ಬೇಕಾ ಅಂದೆ. ತಲೆ ಅಲ್ಲಾಡಿಸಿದಳು. ಅವಳ ಬಾಗಿಲಲ್ಲಿ ಒಂದು ಸ್ಟೂಲು ಹಾಕಿಕೊಂಡು ಜಡೇಸ್ವಾಮಿ ಬರುವವರೆಗೆ ಕೂತೆ. ಯಾರನ್ನೂ ಒಳಗೆ ಬಿಡಲಿಲ್ಲ.

ಸಿದ್ದಯ್ಯ ಫೋನ್ ಮಾಡಿದ್ದ. ಹಣೆ ಯಾರ ಥರ ಇದೆ ಅಂದ. ನೋಡಲೇ ಇಲ್ಲ. ಬಾಯಿ ಅಷ್ಟು ದೊಡ್ಡದಾಗಿ ತೆರೆದಿತ್ತು.

೧೨ ಮೇ

ಮಲ್ಲಯ್ಯನವರು ಹೇಳಿ ಕಳಿಸದೆಯೇ ಬಂದರು. ತೊಟ್ಟಿಲ ಮುಂದೆ ಕೂತು ಅವರೇ ನನ್ನ ಕೊರಳ ಹಿಂದಿನ ಗಂಟು ಬಿಚ್ಚಿದರು, ಲಿಂಗವನ್ನು ಕೂಸಿಗೆ ಕಟ್ಟಿದರು. ಅದು ಮೈಯೆಲ್ಲ ಕೆಂಪಗೆ ಮಾಡಿಕೊಂಡು, ಮುಷ್ಟಿ ಬಿಗಿದು ಅರಚಿತು. ವಿಭೂತಿ ಹಚ್ಚಿದ ಕೈಯನ್ನೇ ಒದೆಯಿತು. ಜಗುಲಿಯ ಮೇಲಿದ್ದವರಿಗೆಲ್ಲ ನಗು.

"ನೋಡಣ್ಣ, ನಿನ್ನ ಕ್ವಾಪನೇ ಬಂದದೆ. ನಾನೇ ತಪ್ಪು ತಿಳ್ಕಂಡಿದ್ದೆ. ರಕ್ತ ಎಲ್ಲೋಯ್ತದೆ" ಅಂದ ಗುರುಸ್ವಾಮಿ.

ಪ್ರಸಾದ್ ನನ್ನ ಮುಖ ನೋಡಿದ.

"ಅವಳ ಕ್ವಾಪ ಅವಳ್ದು ಕಣ್ಲಾ. ಹುಟ್ಟಿ ಇನ್ನೂ ಹತ್ತೇ ದಿನ, ಆಗ್ಲೇ ನಂದು ನಿಂದು ಅಂತ ಕಿತ್ಕಬ್ಯಾಡ" ಅಂದೆ. ಇದರಲ್ಲೂ ಇವನಿಗೆ ಪಾಲು ಬೇಕು.

ಮಧ್ಯಾಹ್ನದ ಬಸ್ಸಿಗೆ ಮಂಗಳ ಹೊರಟಳು. ಅವಳ ಹೊಸ ಮನೆಗೆ ಚಾವಣಿ ಬಿದ್ದಿದೆ, ಮಕ್ಕಳು ಕಾಯುತ್ತಿದ್ದಾವೆ. ಬಾಣಂತಿಗೆ ಸೀಟು ಬಿಡಿ ಎಂದು ಬಸ್ಸಿನಲ್ಲಿ ಕೂಗಾಡಿ, ಚಕ್ರದ ಮೇಲಿನ ಸೀಟು ಬೇಡ ಎಂದು ಇನ್ನೊಮ್ಮೆ ಕೂಗಾಡಿ, ಮುಂದೆ ಕೂರಿಸಿದೆ. ನನ್ನ ದೊಡ್ಡ ಲೋಟವನ್ನು ಅವಳ ಚೀಲದಲ್ಲಿ ಹಾಕಿದ್ದೆ. ಅದು ಅವಳಿಗೇ ಅಭ್ಯಾಸವಾಗಿದೆ, ನಾನು ಇಟ್ಟುಕೊಂಡು ಏನು ಮಾಡಲಿ.

ಕಿಟಕಿಯಿಂದ ಅವಳು ನನ್ನ ಎದೆಯನ್ನು ನೋಡಿದಳು. ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಒಂದೇ ದಾರ ಕಂಡಿರಬೇಕು.

"ನಿಮ್ದೂ ಇಳೀತಾ ಅಪ್ಪೋ?"

"ಇಳೀತು ಕಣವ್ವ."

ಬಸ್ಸು ಹೊರಟಿತು. ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಕೈ ಎದೆಯ ಮೇಲೆ ಹೋಗಿ ಎರಡನೆಯದನ್ನು ಹುಡುಕುತ್ತಿತ್ತು. ಮನೆಯ ಬಾಗಿಲಿಗೆ ಬರುವ ಮೊದಲೇ ಮೊಮ್ಮಗಳ ಅರಚಾಟ ಕೇಳಿಸಿತು. ಬಂದೆ ಕಣೇ ಎಂದು ನಾನೂ ಬೀದಿಯಿಂದಲೇ ಕೂಗಿದೆ.